ಕ್ಲಚ್ ಕಾಲಿನ ಬೂಟು

ಮಳೆಗಾಲ. ಶಿರಾಡಿ ಘಾಟಿಯಲ್ಲಿ ಮರ ಬಿದ್ದು ಗಾಡಿಗಳು ಸಾಲಾಗಿ ನಿಂತಿದ್ದವು. ಟಾರ್ಪಾಲಿನ ಹಗ್ಗ ಬಿಗಿ ಮಾಡಲು ಇಳಿದವನು ಪೂರ್ತಿ ನೆನೆದು ವಾಪಸ್ ನನ್ನ ಲಾರಿಯ ಕ್ಯಾಬಿನ್ ಹತ್ತಿದೆ. ಬೂಟು ಬಿಚ್ಚಿ ಇಂಜಿನ್ ಬಾನೆಟ್ ಮೇಲಿಟ್ಟೆ. ಹಳೇ ಗಾಡಿ, ಸೀಟಿನ ಪಕ್ಕದಲ್ಲೇ ಇಂಜಿನ್. ಅದರ ಮೇಲೆ ಟವೆಲ್ ಒಣಗುತ್ತದೆ, ಬನಿಯನ್ ಒಣಗುತ್ತದೆ. ಬೂಟು ಯಾಕೆ ಒಣಗಬಾರದು, ಅಲ್ವಾ?

ಬರಿಗಾಲಲ್ಲೇ ಘಾಟಿ ಹತ್ತಿಸಿದೆ. ಸಕಲೇಶಪುರ ತಲುಪುವಷ್ಟರಲ್ಲಿ ಒಣಗಿತ್ತು, ನಿಜ. ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಕಾಲು ತೂರಿಸಿದರೆ ಹೋಗುತ್ತಿಲ್ಲ. ಸಿಮೆಂಟು, ಕಬ್ಬಿಣ ಸಾಗಿಸುವವನು ನಾನು. ಫ್ಯಾಕ್ಟರಿ ಗೇಟಿನಲ್ಲಿ ಸೇಫ್ಟಿ ಶೂ ಇಲ್ಲದೆ ಒಳಗೆ ಬಿಡುವುದಿಲ್ಲ. ಹಾಗಾಗಿ ಹೊಸ ಜೋಡಿಗೆ ದುಡ್ಡು ಕೊಡಲೇಬೇಕಾಯಿತು. ಆ ದುಡ್ಡಿನ ಸಂಕಟಕ್ಕೇ ಚರ್ಮದ ವಿಷಯ ಓದಲು ಶುರು ಮಾಡಿದ್ದು.

ಚರ್ಮ ಅಂದರೆ ಬಟ್ಟೆಯಂಥ ಹಾಳೆ ಅಲ್ಲ, ನಾರುಗಳ ಗೋಜಲು. ಕೊಲಾಜೆನ್ ಎಂಬ ಪ್ರೊಟೀನಿನ ಮೂರು ಎಳೆ ಸೇರಿ ಒಂದು ಹುರಿ. ಅಂಥ ಹುರಿಗಳು ಸೇರಿ ನಾರು. ನಾವು ಲೋಡಿಗೆ ಕಟ್ಟುವ ಹಗ್ಗದ ಲೆಕ್ಕವೇ. ಹಸಿ ತೊಗಲನ್ನು ನೀರಿನಲ್ಲಿ ಕಾಯಿಸಿದರೆ 60–65 ಡಿಗ್ರಿಯ ಹೊತ್ತಿಗೆ ಹುರಿ ಸಡಿಲವಾಗಿ ತೊಗಲು ಮುದುರಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಕೊಳೆಯುತ್ತದೆ. ಎರಡೂ ಆಗದಂತೆ ಎಳೆಗಳ ನಡುವೆ ಗಂಟು ಹಾಕುವ ಕೆಲಸಕ್ಕೆ ಹದ ಮಾಡುವುದು ಅಂತಾರೆ.

ಹಳೇ ಹದ ತೊಗಟೆಯದು. ಅಥಣಿ, ನಿಪ್ಪಾಣಿ ಕಡೆ ಮಾಡುವ ಕೊಲ್ಹಾಪುರಿ ಚಪ್ಪಲಿಯ ಚರ್ಮಕ್ಕೆ ಜಾಲಿ ತೊಗಟೆ, ಅಳಲೆಕಾಯಿ ಬಳಸುತ್ತಾರೆ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ (ಇಂಥ ಸೀಮೆಯ ಸರಕು ಅಂತ ಕಾನೂನು ಕೊಡುವ ಗುರುತು) ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ತೊಗಟೆಯಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಪ್ರೊಟೀನನ್ನು ಹಿಡಿದುಕೊಳ್ಳುತ್ತದೆ. ನಿದ್ದೆ ಬರದಿರಲಿ ಅಂತ ರಾತ್ರಿ ಅಡಿಕೆ ಅಗಿಯುತ್ತೇವಲ್ಲ, ಆಗ ಬಾಯಿ ಬಿಗಿದ ಹಾಗಾಗುವುದು ಇದರಿಂದಲೇ. ಅಡಿಕೆಯ ಟ್ಯಾನಿನ್ ಎಂಜಲಿನ ಪ್ರೊಟೀನಿಗೆ ಗಂಟು ಬೀಳುತ್ತದೆ. ಒಂದರ್ಥದಲ್ಲಿ ನಮ್ಮ ಬಾಯನ್ನು ನಾವೇ ಹದ ಮಾಡಿಕೊಳ್ಳುತ್ತೇವೆ!

ಸೇಫ್ಟಿ ಶೂಗಳ ಹದ ಸಾಮಾನ್ಯವಾಗಿ ಕ್ರೋಮಿಯಂ ಲವಣದ್ದು. ತೊಗಟೆಯಲ್ಲಿ ವಾರಗಟ್ಟಲೆ ಆಗುವ ಕೆಲಸ ಇದರಲ್ಲಿ ಒಂದೆರಡು ದಿನಕ್ಕೆ ಮುಗಿಯುತ್ತದೆ. ಬಿಸಿಯನ್ನೂ ಜಾಸ್ತಿ ತಡೆಯುತ್ತದೆ. ಒದ್ದೆಯಿದ್ದರೂ ಸುಮಾರು 100 ಡಿಗ್ರಿವರೆಗೆ ಮುದುರುವುದಿಲ್ಲ.

ಹಾಗಾದರೆ ಬಾನೆಟ್ ಬಿಸಿಗೆ ನನ್ನ ಬೂಟು ಯಾಕೆ ಸೆಟೆದುಕೊಂಡಿತು? ಇಲ್ಲೇ ನಾನು ಎಡವಿದ್ದು. ಹದ ಕೆಟ್ಟಿರಲಿಲ್ಲ. ನಾರುಗಳು ಒಂದಕ್ಕೊಂದು ಉಜ್ಜದೆ ಜಾರಲಿ ಅಂತ ಕಾರ್ಖಾನೆಯಲ್ಲೇ ಚರ್ಮಕ್ಕೆ ಎಣ್ಣೆ ಕುಡಿಸಿರುತ್ತಾರೆ. ವರ್ಷಗಟ್ಟಲೆ ತೊಟ್ಟ ಬೂಟಿನಲ್ಲಿ ಆ ಎಣ್ಣೆ ಕಡಿಮೆಯಾಗಿರುತ್ತದೆ. ಒದ್ದೆ ಚರ್ಮ ಗಡಿಬಿಡಿಯಲ್ಲಿ ಒಣಗಿದಾಗ ನೀರಿದ್ದ ಜಾಗ ಖಾಲಿಯಾಗಿ ನಾರುಗಳು ಹತ್ತಿರ ಬರುತ್ತವೆ, ನಡುವೆ ಎಣ್ಣೆಯಿಲ್ಲದಿದ್ದರೆ ಅಂಟಿಕೊಂಡೇ ಬಿಡುತ್ತವೆ. ಬೂಟಿನ ಅಟ್ಟೆ ಅಂಟಿಸಿದ ಗೋಂದೂ ಬಿಸಿಗೆ ಮೆತ್ತಗಾಗುತ್ತದೆ. ನೆನೆದದ್ದಕ್ಕಿಂತ ಒಣಗಿಸಿದ ರೀತಿಯೇ ಬೂಟನ್ನು ಕೊಂದಿತು.

ಈಗ ಬೂಟು ನೆನೆದರೆ ಹಳೇ ಪೇಪರ್ ಉಂಡೆ ಮಾಡಿ ಒಳಗೆ ತುರುಕುತ್ತೇನೆ. ಗಂಟೆಗೊಮ್ಮೆ ಬದಲಿಸುತ್ತೇನೆ. ಗಾಳಿ ಆಡುವ ಕಡೆ, ನೆರಳಲ್ಲಿ ಇಡುತ್ತೇನೆ. ಒಂದು ದಿನ ಬೇಕೇ ಬೇಕು. ಅದಕ್ಕೇ ಎರಡು ಜೋಡಿ ಇಟ್ಟುಕೊಂಡಿದ್ದೇನೆ. ಇನ್ನೂ ಒಂಚೂರು ತೇವ ಇರುವಾಗಲೇ ನಾಲ್ಕೈದು ಹನಿ ಹರಳೆಣ್ಣೆ ಅಂಗೈಗೆ ಹಾಕಿಕೊಂಡು ಸವರುತ್ತೇನೆ.

ಹರಳೆಣ್ಣೆಯೇ ಯಾಕೆ? ಹಾಸನದಲ್ಲಿ ಚಪ್ಪಲಿ ಹೊಲಿಯುವ ಯಜಮಾನರೊಬ್ಬರು ನನ್ನ ಸೆಟೆದ ಬೂಟು ನೋಡಿ, "ಡ್ರೈವರ್ ಸಾಹೇಬ್ರೆ, ಎಣ್ಣೆ ನಿಮಗೆ ಬೇಡ, ಇದಕ್ಕೆ ಹಾಕಿ" ಅಂದಿದ್ದರು. ಎತ್ತಿನ ಗಾಡಿಯ ಕೀಲಿಗೆ ಹಾಕುತ್ತಿದ್ದ ಎಣ್ಣೆ ಇದು. ಸೂರ್ಯಕಾಂತಿ ಎಣ್ಣೆ ಗಾಳಿ ತಾಗುತ್ತಾ ಅಂಟಂಟಾಗಿ ಕಮಟು ವಾಸನೆ ಹೊಡೆಯುತ್ತದೆ. ಹರಳೆಣ್ಣೆ ಹಾಗೆ ಒಣಗುವುದಿಲ್ಲ. ಅದರಲ್ಲಿ ನೂರಕ್ಕೆ ಹತ್ತಿರ ಹತ್ತಿರ 90 ಭಾಗ ರಿಸಿನೋಲೆಯಿಕ್ ಎಂಬ ಕೊಬ್ಬಿನ ಆಮ್ಲ. ಮಂದ, ಹಾಕಿದಲ್ಲೇ ನಿಲ್ಲುತ್ತದೆ. ಸುರಿಯಬಾರದು ಅಷ್ಟೇ. ಜಾಸ್ತಿಯಾದರೆ ಚರ್ಮ ಸಡಿಲಾಗುತ್ತದೆ, ಬೆಲ್ಟಿಗೆ ಹಾಕಿದರೆ ಬೆಲ್ಟು ಉದ್ದವಾಗುತ್ತದೆ. ಪಾಲಿಷ್ ಬೇರೆ ಲೆಕ್ಕ. ಅದು ಮೇಣ ಮತ್ತು ಬಣ್ಣ, ಮೇಲಿನ ಹೊಳಪಿಗೆ.

ನಮ್ಮವರ ಇನ್ನೊಂದು ಅಭ್ಯಾಸ, ಗ್ರೀಸ್ ಕಲೆಯನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸುವುದು. ಕಲೆ ಹೋಗುತ್ತದೆ, ಜೊತೆಗೆ ಒಳಗಿನ ಎಣ್ಣೆಯೂ ಹೋಗುತ್ತದೆ. ಬಟ್ಟೆ ಸೋಪೂ ಬೇಡ. ಚರ್ಮ ಸ್ವಲ್ಪ ಹುಳಿ ಗುಣದ್ದು, ಸೋಪು ಕ್ಷಾರ. ಒದ್ದೆ ಬಟ್ಟೆ ಸಾಕು.

ಬೆಲ್ಟಿನ ಶತ್ರು ಮಳೆಗಿಂತ ಬೆವರು. ನೀರು ಆರಿದ ಮೇಲೆ ಉಪ್ಪು ಉಳಿದು ಬಿಳಿ ಗೀರು ಕಾಣುತ್ತದೆ. ವಾರಕ್ಕೊಮ್ಮೆ ಒಳಮೈ ಒರೆಸಿ, ಸುತ್ತಿಡದೆ ಮೊಳೆಗೆ ನೇತು ಹಾಕಿ. ಸೀಟಿನಲ್ಲಿ ಕೂತಾಗ ಒಂದು ತೂತು ಸಡಿಲ ಮಾಡಿ, ತೂತು ಹರಿಯುವುದಿಲ್ಲ, ಊಟವೂ ಇಳಿಯುತ್ತದೆ. ಹಿತ್ತಾಳೆ ಬಕಲ್ ಪಕ್ಕದಲ್ಲಿ ಹಸಿರು ಜಿಡ್ಡು ಕಂಡರೆ ಫಂಗಸ್ ಅಂತ ಬೆಚ್ಚಬೇಡಿ. ಹಿತ್ತಾಳೆಯ ತಾಮ್ರ, ಚರ್ಮದ ಎಣ್ಣೆಯ ಆಮ್ಲದ ಜೊತೆ ಸೇರಿ ಆದ ಒಂಥರಾ ತಾಮ್ರದ ಸೋಪು ಅದು. ಕಡ್ಡಿಯಲ್ಲಿ ಕೆರೆದರೆ ಮೇಣದ ಹಾಗೆ ಎದ್ದು ಬರುತ್ತದೆ. ಬೂದು, ಬಿಳಿ ಹೂವಿನ ಹಾಗೆ ಹರಡಿದ್ದರೆ ಮಾತ್ರ ಫಂಗಸ್. ಹದ ಮಾಡಿದ ನಾರಿಗಿಂತ ಅದಕ್ಕೆ ಮೇಲಿನ ಜಿಡ್ಡು, ಕೊಳೆ ಇಷ್ಟ. ಹೊರಗೆ ಒಯ್ದು ಒರೆಸಿ, ಗಾಳಿಗೆ ಹಾಕಿ. ಇನ್ನು ಸಿಪ್ಪೆ ಸಿಪ್ಪೆಯಾಗಿ ಸುಲಿಯುವ ಅಗ್ಗದ ಬೆಲ್ಟು ಇದೆಯಲ್ಲ, ಅದರಲ್ಲಿ ಸುಲಿಯುವುದು ಚರ್ಮವಲ್ಲ, ಮೇಲೆ ಬಳಿದ ಪ್ಲಾಸ್ಟಿಕ್ಕು. ಅದಕ್ಕೆ ಎಣ್ಣೆ ದಂಡ.

ಡ್ರೈವರ್ ಬೂಟು ಜೋಡಿಯಾಗಿ ಸವೆಯುವುದಿಲ್ಲ. ಬಲಗಾಲಿನದು ಹಿಮ್ಮಡಿ ಊರಿಕೊಂಡು ಬ್ರೇಕಿಗೂ ಆಕ್ಸಿಲರೇಟರಿಗೂ ತಿರುಗುತ್ತಿರುತ್ತದೆ, ಹಿಂಬದಿಯ ಅಂಚು ಸವೆಯುತ್ತದೆ. ಎಡಗಾಲಿನದು ಕ್ಲಚ್ ತುಳಿದೂ ತುಳಿದೂ ಬೆರಳಿನ ಹತ್ತಿರ ಮಡಚಿ ಅಲ್ಲೇ ಬಿರಿಯುತ್ತದೆ. ಹಾಗಾಗಿ ನನ್ನ ಹರಳೆಣ್ಣೆಯಲ್ಲಿ ಎಡಗಾಲಿಗೆ ಮೂರು ಹನಿ, ಬಲಗಾಲಿಗೆ ಎರಡು.