ಗ್ಯಾಸ್ ತಡೆಯಲು ಆಗುತ್ತದಾ? ಮೊದಲು ಅದನ್ನು ಹೇಳಿ

"ಡಾಕ್ಟ್ರೇ, ಆಪರೇಷನ್ ಡೇಟ್ ಕೊಡಿ ಸಾಕು. ಈ ಟೆಸ್ಟ್ ಗಿಸ್ಟ್ ಎಲ್ಲ ಯಾಕೆ?" ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕ್ಲಿನಿಕ್ಕಿಗೆ ಬರುವ ಫಿಷರ್ (ಗುದದ್ವಾರದ ಬಿರುಕು) ರೋಗಿಗಳ ಖಾಯಂ ಮಾತು ಇದು. ನೋವು ಅಂಥದ್ದೇ, ಒಪ್ಪುತ್ತೇನೆ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಕೂರಲಾಗದ ಸಂಕಟ.

ಆದರೆ ಈ ಆಪರೇಷನ್ನಿನಲ್ಲಿ ನಾವು ಬಿರುಕನ್ನು ಹೊಲಿಯುವುದಿಲ್ಲ. ಎಷ್ಟು ಸಲ ಹೇಳಿದರೂ ಇದು ಯಾರ ತಲೆಗೂ ಹೋಗುವುದಿಲ್ಲ! ಗುದದ್ವಾರಕ್ಕೆ ಎರಡು ಸ್ನಾಯು. ಹೊರಗಿನದು ನಾವು ಹೇಳಿದಂತೆ ಕೇಳುತ್ತದೆ. ಒಳಗಿನದು ಕೇಳುವುದಿಲ್ಲ, ನಾವು ನಿದ್ದೆ ಹೋದರೂ ತನ್ನಷ್ಟಕ್ಕೆ ಬಿಗಿ ಹಿಡಿದಿರುತ್ತದೆ. ಫಿಷರ್ ಆದವರಲ್ಲಿ ಸಾಮಾನ್ಯವಾಗಿ ಈ ಬಿಗಿ ಜಾಸ್ತಿ. ಅದರಿಂದ ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ. ಹಾಗಾಗಿ ಆ ಸ್ನಾಯುವನ್ನೇ ಒಂಚೂರು ಕತ್ತರಿಸಿ ಸಡಿಲ ಮಾಡುತ್ತೇವೆ. ಲೇಸರ್‌ನಲ್ಲಿ ಮಾಡಿದರೂ ಕತ್ತರಿಸುವುದು ಅದನ್ನೇ. ಬಿಗಿಯೇ ಇಲ್ಲದವರಿಗೆ ಕತ್ತರಿಸಿದರೆ ಗ್ಯಾಸ್ ತಡೆಯಲು ಆಗದೆ ಹೋಗಬಹುದು, ಕೆಲವರಿಗೆ ಬಟ್ಟೆಯೂ ಹಾಳಾಗುತ್ತದೆ.

ಎಲ್ಲರಿಗೂ ಮಾನೋಮೆಟ್ರಿ, ಅಂದರೆ ಗುದದ್ವಾರದ ಒತ್ತಡ ಅಳೆಯುವ ಟೆಸ್ಟ್, ಬೇಕಿಲ್ಲ. ಸ್ನಾಯು ಬಿಗಿಯಾಗಿರುವ ಹುಡುಗನಿಗೆ ಸುಮ್ನೆ ಖರ್ಚು. ಹೆರಿಗೆಯಲ್ಲಿ ಹರಿದು ಹೊಲಿಗೆ ಬಿದ್ದವರು, ಮೊದಲೇ ಪೈಲ್ಸ್ ಅಥವಾ ಫಿಸ್ಟುಲಾ ಆಪರೇಷನ್ ಆದವರು, ವಯಸ್ಸಾದವರು, ಇವರಿಗೆ ನಾನು ಹಟ ಹಿಡಿಯುತ್ತೇನೆ. ತೆಳು ಟ್ಯೂಬ್ ಹಾಕಿ ಸುಮ್ಮನಿದ್ದಾಗ ಎಷ್ಟು ಒತ್ತಡ, ಬಿಗಿ ಹಿಡಿದಾಗ ಎಷ್ಟು ಅಂತ ನೋಡುತ್ತೇವೆ. ಮೊದಲನೆಯದು ಹೆಚ್ಚಾಗಿ ಒಳಸ್ನಾಯುವಿನದು. ಸ್ನಾಯು ಹಿಂದೆ ಹರಿದಿದ್ದರೆ ಅದು ಒಳಗಿನಿಂದ ಮಾಡುವ ಸೋನೋಗ್ರಫಿಯಲ್ಲಿ ಕಾಣುತ್ತದೆ. ಜೊತೆಗೆ ವೆಕ್ಸ್‌ನರ್ ಸ್ಕೋರ್, ಅಂದರೆ ಗ್ಯಾಸ್, ಮಲ ಎಷ್ಟು ತಡೆಯಲಾಗದೆ ಹೋಗುತ್ತದೆ ಅಂತ ಕೇಳಿ ಕೊಡುವ ಅಂಕ, 0ಯಿಂದ 20ರವರೆಗೆ. ಅದರಲ್ಲಿ ಗ್ಯಾಸ್ ಬಗ್ಗೆ ಕೇಳಿದರೆ ಎಲ್ಲರೂ ನಕ್ಕು ತಲೆ ತಗ್ಗಿಸುತ್ತಾರೆ.

ಮಾಟುಂಗಾ ಕಡೆಯ ಒಬ್ಬ ಅಕ್ಕ, ಎರಡು ಮಕ್ಕಳ ತಾಯಿ. ಗಂಡನ ಎದುರು "ಎಲ್ಲ ಸರಿ ಇದೆ" ಎಂದರು. ಗಂಡ ಸ್ಕೂಟರ್ ಸರಿಸಿ ನಿಲ್ಲಿಸಲು ಹೊರಗೆ ಹೋಗಿದ್ದೇ ತಡ, ಅಕ್ಕ ದನಿ ತಗ್ಗಿಸಿ ಹೇಳಿದರು: "ನಕ್ಕರೆ ಗ್ಯಾಸ್ ಹೋಗಿಬಿಡುತ್ತೆ. ಮದುವೆಗೆ ಹೋದರೆ ಪಂಕ್ತಿಯಲ್ಲಿ ಕೂರೋದೇ ಬಿಟ್ಟಿದ್ದೀನಿ." ಮೊದಲ ಹೆರಿಗೆ ಫೋರ್ಸೆಪ್ಸ್ ಹಾಕಿ ಆಗಿತ್ತಂತೆ. ಸೋನೋಗ್ರಫಿಯಲ್ಲಿ ಸ್ನಾಯುವಿನ ಮುಂಭಾಗ ಹರಿದಿದ್ದು ಸ್ಪಷ್ಟವಾಗಿತ್ತು, ಒತ್ತಡವೂ ಕಡಿಮೆ.

ಬಿಗಿ ಇರುವವರಿಗೂ ನಾನು ಮೊದಲು 6–8 ವಾರ ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್ ಮುಲಾಮು ಕೊಟ್ಟು ನೋಡುತ್ತೇನೆ. ಈ ಅಕ್ಕನಿಗೆ ಅದೂ ಬೇಡ ಅನಿಸಿತು. ಇಸಬ್ಗೋಲ್, ಜಾಸ್ತಿ ನೀರು, ಬಿಸಿನೀರಿನ ಟಬ್, ಇಷ್ಟೇ ಹೇಳಿ ಕಳಿಸಿದೆ. ನಿಧಾನವಾಗಿ ಗಾಯ ಮಾಯಿತು. ಮಾಯದಿದ್ದರೆ ಪಕ್ಕದ ಚರ್ಮ ಸರಿಸಿ ಮುಚ್ಚುವ ಫ್ಲ್ಯಾಪ್ ಮಾಡಬಹುದಿತ್ತು. ಅದಕ್ಕೆ ಸ್ನಾಯು ಕತ್ತರಿಸಬೇಕಿಲ್ಲ.