ಏರಿನಲ್ಲಿ ನಿಂತ ಫೆರಾರಿ

ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ಫೆರಾರಿಯ ಕ್ಲಚ್ ಸವೆಯುವುದಿಲ್ಲ. ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಮತ್ತು ಚಕ್ರಗಳ ಕಡೆಗೆ ಶಕ್ತಿ ದಾಟಿಸುವ ಕ್ಲಚ್ ಪ್ಲೇಟು ಒಂದಕ್ಕೊಂದು ಕಚ್ಚಿಕೊಂಡು ಒಂದೇ ವೇಗದಲ್ಲಿ ತಿರುಗುತ್ತಿರುತ್ತವೆ. ಉಜ್ಜಾಟವೇ ಇಲ್ಲದ ಮೇಲೆ ಸವೆತ ಎಲ್ಲಿಂದ ಬರಬೇಕು? ಅದೇ ಕಾರು ಪಾರ್ಕಿಂಗ್ ಏರಿನಲ್ಲಿ ಗೇಣುಗೇಣಾಗಿ ಹಿಂದಕ್ಕೆ ಹತ್ತುವಾಗ ಕ್ಲಚ್ಚಿನ ಆಯುಷ್ಯ ಬೇಗ ಬೇಗ ಖರ್ಚಾಗುತ್ತದೆ. ಸ್ಪೋರ್ಟ್ಸ್ ಕಾರಿನ ಕ್ಲಚ್ಚನ್ನು ಹಾಳುಮಾಡುವುದು ವೇಗ ಎಂದು ನಂಬಿದವರು ಬಹಳ ಮಂದಿ. ಲೆಕ್ಕ ಹಾಕಿ ನೋಡಿದರೆ ವಿಷಯವೇ ಬೇರೆ.

ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದು ಗೇರ್ ಬದಲಿಸುವ ವ್ಯವಸ್ಥೆ ರೇಸಿನಿಂದ ಬಂದದ್ದು. ಈ ವ್ಯವಸ್ಥೆಯಿದ್ದ, ಜಾನ್ ಬಾರ್ನಾರ್ಡ್ ವಿನ್ಯಾಸ ಮಾಡಿದ ಫೆರಾರಿ 640 ರೇಸ್ ಕಾರಿನಲ್ಲಿ ನೈಜೆಲ್ ಮ್ಯಾನ್ಸೆಲ್ 1989ರ ಬ್ರೆಜಿಲ್ ಗ್ರ್ಯಾನ್ ಪ್ರಿ ಗೆದ್ದರು. ಆ ಕಾರಿಗೆ ಅದೇ ಮೊದಲ ರೇಸು. 1997ರಲ್ಲಿ ಎಫ್355 ಎಫ್1 ಮೂಲಕ ಪ್ಯಾಡಲ್ ರಸ್ತೆಗಿಳಿಯಿತು. 360 ಮೊಡೆನಾ, ಎಫ್430 ಕಾರುಗಳೂ ಅದೇ ದಾರಿ ಹಿಡಿದವು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ: ಇವುಗಳಲ್ಲಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಪೆಡಲ್ ಮಾತ್ರ ಇಲ್ಲ, ಆ ಕೆಲಸವನ್ನು ಕಂಪ್ಯೂಟರಿನ ಆಜ್ಞೆಯಂತೆ ಹೈಡ್ರಾಲಿಕ್ ಒತ್ತಡ ಮಾಡುತ್ತದೆ. ಮಾಮೂಲಿ ಆಟೊಮ್ಯಾಟಿಕ್ ಕಾರಿನಲ್ಲಿರುವ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇದರಲ್ಲಿಲ್ಲ. ಎರಡೇ ಪೆಡಲ್ ಕಂಡವರು ಇದನ್ನು ಆಟೊಮ್ಯಾಟಿಕ್ ಎಂದುಕೊಂಡು ಓಡಿಸುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ.

ನಿಂತ ಕಾರು ಹೊರಡುವಾಗ ಎಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಎರಡರ ವೇಗ ಒಂದಾಗುವವರೆಗೂ ಪ್ಲೇಟು ಜಾರಲೇಬೇಕು, ಜಾರಿದಷ್ಟೂ ಶಾಖ. ಸಮತಟ್ಟು ರಸ್ತೆಯಲ್ಲಿ ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಒಂದೇ ಮಟ್ಟದಲ್ಲಿಟ್ಟು ಹೊರಟರೆ, ಕ್ಲಚ್ ಪೂರ್ತಿ ಕಚ್ಚುವ ಹೊತ್ತಿಗೆ ಕಾರು ಎಷ್ಟು ಚಲನಶಕ್ತಿ ಗಳಿಸಿರುತ್ತದೋ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗಿರುತ್ತದೆ. 1,500 ಕಿಲೋ ತೂಕದ ಕಾರು, ಮೊದಲ ಗೇರಿನಲ್ಲಿ ಪ್ರತಿ 1,000 ಆರ್‌ಪಿಎಂಗೆ ಗಂಟೆಗೆ 8 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. 1,500 ಆರ್‌ಪಿಎಂನಲ್ಲಿ ಕ್ಲಚ್ ಕಚ್ಚಿದರೆ ಸುಮಾರು 8 ಕಿಲೋಜೂಲ್ ಶಾಖ. 4,500ರಲ್ಲಾದರೆ 75. ಆರ್‌ಪಿಎಂ ಮೂರು ಪಟ್ಟು, ಶಾಖ ಒಂಬತ್ತು ಪಟ್ಟು.

ಇನ್ನು ಏರು. 10 ಮೀಟರಿಗೆ 1 ಮೀಟರ್ ಎತ್ತರವಾಗುವ ದಾರಿಯಲ್ಲಿ ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಮೆಲ್ಲಗೆ ತುಳಿದು ಇದೇ ಕಾರನ್ನು ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿಕೊಂಡಿದ್ದೀರಿ ಎನ್ನಿ. ಎಂಜಿನ್ 1,000 ಆರ್‌ಪಿಎಂನಲ್ಲೇ ಇದ್ದರೂ ಕ್ಲಚ್ಚಿನಲ್ಲಿ 3 ಕಿಲೋವ್ಯಾಟ್‌ಗೂ ಮಿಕ್ಕಿ ಶಾಖ ಹುಟ್ಟುತ್ತಿರುತ್ತದೆ. ಅಂದರೆ ಬಚ್ಚಲುಮನೆಯ ದೊಡ್ಡ ಗೀಸರೊಂದು ಆ ಪ್ಲೇಟಿನ ಮೇಲೆ ಉರಿಯುತ್ತಿರುವಂತೆ. ಒಂದು ನಿಮಿಷ ಹೀಗಿದ್ದರೆ ಸುಮಾರು 195 ಕಿಲೋಜೂಲ್. 4,500 ಆರ್‌ಪಿಎಂನಲ್ಲಿ ಎರಡು ಬಾರಿ ಭರ್ರನೆ ಹೊರಟರೂ ಇಷ್ಟು ಶಾಖವಾಗದು, ಇಲ್ಲಿ ಕಾರು ಒಂದಡಿಯೂ ಮುಂದೆ ಹೋಗಿಲ್ಲ! ಶಾಖ ಹದ ಮೀರಿದಾಗ ಪ್ಲೇಟಿನ ಘರ್ಷಣ ಪದಾರ್ಥವನ್ನು ಹಿಡಿದಿಟ್ಟ ರಾಳ ಸುಡತೊಡಗುತ್ತದೆ. ಮೂಗಿಗೆ ಬರುವ ಘಾಟು ಅದರದೇ. ಅಲ್ಲಿಂದ ಮುಂದೆ ಸವೆತಕ್ಕೆ ಲಂಗುಲಗಾಮಿಲ್ಲ.

ಹಾಗಾಗಿ ಈ ಕಾರನ್ನು ಓಡಿಸುವ ಕ್ರಮವೆಲ್ಲ ಮೊದಲ ಹತ್ತು-ಹನ್ನೆರಡು ಕಿಲೋಮೀಟರ್ ವೇಗದೊಳಗೇ ಅಡಗಿದೆ. ಬ್ರೇಕನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನು ಹಗುರವಾಗಿ, ಆದರೆ ಅಳುಕದೆ ತುಳಿಯಬೇಕು. ಆರ್‌ಪಿಎಂ ಮುಳ್ಳು ಮತ್ತು ಕಾರಿನ ವೇಗ ಜೊತೆಜೊತೆಗೆ ಏರತೊಡಗಿದರೆ ಕ್ಲಚ್ ಕಚ್ಚಿತೆಂದು ತಿಳಿಯಬೇಕು. ಆಮೇಲೆ ಎಷ್ಟು ಬೇಕಾದರೂ ಒತ್ತಿ. ಅನುಮಾನಿಸಿ ತುಳಿದು ಬಿಟ್ಟು ಮಾಡುವುದೇ ಕೆಟ್ಟದ್ದು, ಕಂಪ್ಯೂಟರು ಪ್ರತಿ ಬಾರಿಯೂ ಕ್ಲಚ್ಚನ್ನು ಅರ್ಧಂಬರ್ಧ ಕಚ್ಚಿಸಿ ಮತ್ತೆ ಬಿಡಿಸುತ್ತದೆ. ಟ್ರಾಫಿಕ್ಕಿನಲ್ಲಿ ಮುಂದಿನ ವಾಹನ ಒಂದಿಷ್ಟು ದೂರ ಸರಿಯಲಿ, ಆಮೇಲೆ ಒಮ್ಮೆಗೇ ಹೊರಟು ಒಮ್ಮೆಗೇ ನಿಲ್ಲಿ. ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ. ಏರಿನಲ್ಲಿ ಕಾರನ್ನು ಹಿಡಿಯುವುದು ಬ್ರೇಕಿನ ಕೆಲಸ. ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಲ್ಲುವುದಾದರೆ ಎರಡೂ ಪ್ಯಾಡಲ್ ಒಟ್ಟಿಗೆ ಎಳೆದು ನ್ಯೂಟ್ರಲ್‌ಗೆ ಬನ್ನಿ; ಇದರಿಂದ ಪ್ಲೇಟಿಗಿಂತ ಹೆಚ್ಚಾಗಿ, ಕ್ಲಚ್ಚನ್ನು ಒತ್ತಿ ಹಿಡಿದಿರುವ ರಿಲೀಸ್ ಬೇರಿಂಗಿಗೆ ಬಿಡುವು ಸಿಗುತ್ತದೆ. ಏರಿನ ಮೇಲೆ ಪಾರ್ಕಿಂಗ್ ಇದ್ದರೆ ಹತ್ತುವ ಕೆಲಸವನ್ನು ಮುಂದಿನ ಗೇರಿಗೇ ಬಿಡಿ. ಹಿಂದೆ ನೋಡುತ್ತ ಹತ್ತುವಾಗ ಯಾರೂ ಧೈರ್ಯವಾಗಿ ವೇಗ ಪಡೆಯುವುದಿಲ್ಲ, ಕ್ಲಚ್ ಜಾರುತ್ತಲೇ ಇರುತ್ತದೆ.

ಓಡುವಾಗಿನ ಗೇರ್ ಬದಲಾವಣೆಗೆ ಇಷ್ಟು ಹೆದರಬೇಕಿಲ್ಲ. ಅಲ್ಲಿ ವೇಗದ ಅಂತರ ಕಡಿಮೆ, ಗೇರ್ ಇಳಿಸುವಾಗ ಕಂಪ್ಯೂಟರೇ ಎಂಜಿನ್ ರೇಸ್ ಮಾಡಿ ಹೊಂದಿಸುತ್ತದೆ.

ಚಾಲಕನ ಕೈಯಲ್ಲಿಲ್ಲದ ಒಂದು ಸಂಗತಿಯೂ ಇದೆ. ಪ್ಲೇಟು ಯಾವ ಬಿಂದುವಿನಲ್ಲಿ ತಾಗಲು ಶುರುವಾಗುತ್ತದೆ ಎಂಬುದನ್ನು ಕಂಪ್ಯೂಟರಿಗೆ ಕಲಿಸಿರಬೇಕು. ಫೆರಾರಿ ಮೆಕ್ಯಾನಿಕ್‌ಗಳು ಅದನ್ನು ಪಿಐಎಸ್ ಎನ್ನುತ್ತಾರೆ. ಅದು ತಪ್ಪಿದ್ದರೆ ಎಷ್ಟೇ ಜಾಣತನದಿಂದ ಓಡಿಸಿದರೂ ಕ್ಲಚ್ ಅಗತ್ಯಕ್ಕಿಂತ ಹೆಚ್ಚು ಜಾರುತ್ತದೆ.

2008ರ ಕ್ಯಾಲಿಫೋರ್ನಿಯಾ ಎಂಬ ಕಾರಿನಿಂದ ಫೆರಾರಿ ಡ್ಯುಯಲ್ ಕ್ಲಚ್ಚಿಗೆ, ಅಂದರೆ ಎರಡು ಕ್ಲಚ್ಚುಗಳ ವ್ಯವಸ್ಥೆಗೆ ಬದಲಾಯಿತು. ಎಣ್ಣೆಯಲ್ಲಿ ಮುಳುಗಿರುವ ಆ ಕ್ಲಚ್ಚುಗಳ ಶಾಖವನ್ನು ಎಣ್ಣೆಯೇ ಹೊತ್ತೊಯ್ಯುತ್ತದೆ. ಹಳೆಯ ಒಣ ಕ್ಲಚ್ಚಿನ ಉಪಾಯ ಮಾತ್ರ ಸತ್ತಿಲ್ಲ. ಎಫ್355ಕ್ಕೆ ಈ ವ್ಯವಸ್ಥೆಯನ್ನು ಒದಗಿಸಿದ ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿಯದೇ ತಂತ್ರಜ್ಞಾನ 2014ರಲ್ಲಿ ಮಾರುತಿ ಸೆಲೆರಿಯೊದೊಳಗೆ ಎಎಂಟಿ (ಆಟೊಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ರೂಪದಲ್ಲಿ ನಮ್ಮ ರಸ್ತೆಗೆ ಬಂತು. ಬೆಂಗಳೂರಿನ ಫ್ಲೈಓವರ್ ಏರಿನಲ್ಲೋ ಘಾಟಿಯ ಜಾಮಿನಲ್ಲೋ ಬ್ರೇಕ್ ಬಿಟ್ಟು ಆಕ್ಸಿಲರೇಟರಿನ ಮೇಲೆ ಕಾರು ನಿಲ್ಲಿಸುವ ಎಎಂಟಿ ಚಾಲಕರಿಗೂ ಮೇಲಿನ ಲೆಕ್ಕವೇ ಅನ್ವಯ, ತೂಕ ಕಡಿಮೆ ಅಷ್ಟೆ.

ಹಳೆಯ ಪ್ಯಾಡಲ್ ಫೆರಾರಿಯನ್ನು ಕೊಳ್ಳುವವರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಮೊದಲು ಕೇಳುತ್ತಾರೆ. ಹೆದ್ದಾರಿಯಲ್ಲಿ ಓಡಿದ ಕಾರಿಗೂ ಊರೊಳಗೆ ತೆವಳಿದ ಕಾರಿಗೂ ಆ ಅಂಕಿ ಒಂದೇ ಇರಬಹುದು, ಕ್ಲಚ್ ಒಂದೇ ಆಗಿರದು. ಸರ್ವಿಸ್ ಕೇಂದ್ರದ ಡಯಾಗ್ನೋಸ್ಟಿಕ್ ಉಪಕರಣ ಜೋಡಿಸಿದರೆ ಕಂಪ್ಯೂಟರು ಅಂದಾಜಿಸಿದ ಸವೆತ ಶೇಕಡಾವಾರು ಸಿಗುತ್ತದೆ. ಕೇಳಬೇಕಾದ್ದು ಅದನ್ನು, ಜೊತೆಗೆ ಪಿಐಎಸ್ ಕೊನೆಯ ಬಾರಿ ಹೊಂದಿಸಿದ್ದು ಯಾವಾಗ ಎಂಬುದನ್ನು.