ಬಿಡುವುದೂ ಲೆಟ್, ತಡೆಯುವುದೂ ಲೆಟ್

ಪಾಸ್‌ಪೋರ್ಟ್ ಇದ್ದರೆ ಒಮ್ಮೆ ಬೀರುವಿನಿಂದ ತೆಗೆದು ನೋಡಿ. ರಾಷ್ಟ್ರಪತಿಯವರ ಹೆಸರಿನಲ್ಲಿ ಅದರಲ್ಲೊಂದು ಕೋರಿಕೆ ಅಚ್ಚಾಗಿದೆ, ಹಿಂದಿಯಲ್ಲೂ ಇಂಗ್ಲಿಷಿನಲ್ಲೂ. ಇದನ್ನು ಹಿಡಿದು ಬಂದವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಓಡಾಡಲು ಬಿಡಿ, ಬೇಕಾದ ನೆರವು, ರಕ್ಷಣೆ ಕೊಡಿ ಅನ್ನೋದು ಅದರ ಸಾರ. ಹಿಂಡ್ರೆನ್ಸ್ ಅಂದರೆ ಅಡ್ಡಿ, ಸರಿ. ಆದರೆ ಲೆಟ್ ಅಂದರೆ ಬಿಡೋದು ಅಲ್ವಾ? ‘ಬಿಡದೆ ಬಿಡಿ’ ಅಂತ ಯಾರಾದರೂ ಕೇಳುತ್ತಾರಾ? ಹಿಂದಿ ಸಾಲಿನಲ್ಲಿ ಈ ಗೊಂದಲ ಇಲ್ಲ. ಅಲ್ಲಿ ‘ಬಿನಾ ರೋಕ್-ಟೋಕ್’ ಅಂತ ನೇರವಾಗಿದೆ. ಬ್ರಿಟನ್ನಿನ ಪಾಸ್‌ಪೋರ್ಟಿನಲ್ಲೂ ರಾಜರ ಹೆಸರಿನಲ್ಲಿ ಇದೇ ಮಾತಿದೆ. ನಮಗೆ ಬಂದದ್ದು ಅಲ್ಲಿಂದಲೇ.

ನನ್ನದು ದಸ್ತಾವೇಜು ಅನುವಾದದ ಕೆಲಸ. ಕ್ರಯಪತ್ರ, ಬಾಡಿಗೆ ಕರಾರು, ವಿಲ್, ಪವರ್ ಆಫ್ ಅಟಾರ್ನಿ, ಹೀಗೆ. ಈ ಕೆಲಸದಲ್ಲಿ ಭಾರಿ ಪದಗಳು ತೊಂದರೆ ಕೊಡೋದು ಕಡಿಮೆ. ‘ಇಂಡೆಮ್ನಿಟಿ’ ಕಂಡರೆ ಯಾರಾದರೂ ನಿಘಂಟು ತೆಗೆಯುತ್ತಾರೆ. ‘ಲೆಟ್’ ಕಂಡರೆ ಯಾರೂ ತೆಗೆಯಲ್ಲ. ಪ್ರೈಮರಿ ಸ್ಕೂಲಿನ ಪದ, ಗೊತ್ತಿರೋದೇ ಅಂತ ಮುಂದೆ ಹೋಗುತ್ತಾರೆ. ಎಡವೋದು ಅಲ್ಲೇ.

ಒಬ್ಬರು ತಮ್ಮ ಸೈಟಿನ ಕ್ರಯಪತ್ರದ ಕನ್ನಡ ಪ್ರತಿ ತಂದು ತೋರಿಸಿದ್ದರು. ಬೇರೆಲ್ಲೋ ಮಾಡಿಸಿದ್ದು. ಮೂಲದಲ್ಲಿ ಇದ್ದದ್ದು ಎಲ್ಲ ಕ್ರಯಪತ್ರಗಳಲ್ಲೂ ಇರುವ ಮಾಮೂಲಿ ಸಾಲು. ಕೊಂಡವರು ಸ್ವತ್ತನ್ನು ‘ವಿದೌಟ್ ಎನಿ ಲೆಟ್, ಹಿಂಡ್ರೆನ್ಸ್, ಇಂಟರಪ್ಷನ್ ಆರ್ ಡಿಸ್ಟರ್ಬೆನ್ಸ್’ ಅನುಭವಿಸಿಕೊಂಡು ಬರಬಹುದು ಅಂತ. ಕನ್ನಡದಲ್ಲಿ ಅದು ‘ಬಾಡಿಗೆಗೆ ಕೊಡದೆ, ಅಡ್ಡಿಪಡಿಸದೆ ಅನುಭವಿಸತಕ್ಕದ್ದು’ ಅಂತಾಗಿತ್ತು. ಅವರ ಪ್ರಶ್ನೆ ಒಂದೇ: “ಸಾರ್, ಮನೆ ಕಟ್ಟಿ ಬಾಡಿಗೆಗೆ ಕೊಡಂಗಿಲ್ವಾ?”

ಕೊಡಬಹುದು, ಧಾರಾಳವಾಗಿ. ಆ ಸಾಲು ಕೊಂಡವರಿಗೆ ಹಾಕಿದ ಷರತ್ತೇ ಅಲ್ಲ, ಮಾರಿದವರು ಕೊಟ್ಟ ಮಾತು. ನಾನಾಗಲಿ, ನನ್ನ ಕಡೆಯಿಂದ ಹಕ್ಕು ಹೇಳಿಕೊಂಡು ಬರುವವರಾಗಲಿ ನಿಮಗೆ ಅಡ್ಡ ಬರಲ್ಲ ಅಂತ. ಅನುವಾದ ಮಾಡಿದವರಿಗೆ ‘ಟು-ಲೆಟ್’ ಬೋರ್ಡು ನೆನಪಾಗಿದೆ, ಅಷ್ಟೇ. ಅವರನ್ನು ಪೂರ್ತಿ ಬೈಯೋಕೂ ಆಗಲ್ಲ. ಬೆಂಗಳೂರಿನ ಯಾವ ಗಲ್ಲಿಗೆ ಹೋದರೂ ಗೇಟಿಗೆ ನೇತಾಕಿರುವ ಲೆಟ್ ಅದೇ ತಾನೇ.

ಇದು ಒಂದೇ ಪದಕ್ಕೆ ಎರಡು ಅರ್ಥ ಬಂದ ಕತೆ ಅಂದುಕೊಳ್ಳಬೇಡಿ. ಮೊದಲು ಇದ್ದದ್ದು ಎರಡು ಬೇರೆ ಬೇರೆ ಪದ. ಸುಮಾರು ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಲ್ಯಾಟನ್’ ಅಂತ ಒಂದು ಕ್ರಿಯಾಪದ ಇತ್ತು. ಮೊದಲ ಸ್ವರವನ್ನು ಎಳೆದು ಹೇಳಬೇಕು. ಬಿಡು, ಬಿಟ್ಟು ಹೋಗು, ಹೋಗಗೊಡು, ಗುತ್ತಿಗೆಗೆ ಕೊಡು ಅಂತೆಲ್ಲ ಅದಕ್ಕೆ ಅರ್ಥ. ಇನ್ನೊಂದು ‘ಲೆಟ್ಟನ್’. ಸ್ವರ ಗಿಡ್ಡ, ಟಕಾರಕ್ಕೆ ಒತ್ತು. ತಡೆ, ಅಡ್ಡಿ ಮಾಡು ಅಂತ ಅರ್ಥ. ಕಟು ಬೇರೆ, ಕಟ್ಟು ಬೇರೆ ಅಂತ ನಮ್ಮ ಕಿವಿಗೆ ಹೇಳಿಕೊಡಬೇಕಾಗಿಲ್ಲ. ಆಗಿನ ಇಂಗ್ಲಿಷರ ಕಿವಿಗೂ ಆ ವ್ಯತ್ಯಾಸ ಕೇಳುತ್ತಿತ್ತು. ಆಮೇಲಿನ ಶತಮಾನಗಳಲ್ಲಿ ಒತ್ತಕ್ಷರ ಹೋಯಿತು, ಕೊನೆಯ ‘ಅನ್’ ಸವೆದುಹೋಯಿತು. ಸ್ವರವೊಂದು ಉಳಿದಿದ್ದರೂ ಸಾಕಿತ್ತು. ಅದೇ ಉದ್ದ ಸ್ವರವಿದ್ದ ಬೇರೆ ಪದಗಳು ಈಗ ‘ಸ್ಟ್ರೀಟ್’, ‘ಡೀಡ್’ ಆಗಿವೆ. ಆ ಲೆಕ್ಕದಲ್ಲಿ ಬಿಡುವ ಲೆಟ್ ಇವತ್ತು ‘ಲೀಟ್’ ಆಗಬೇಕಿತ್ತು. ಆಗಲಿಲ್ಲ, ಸ್ವರ ಕುಗ್ಗಿತು. ಎರಡೂ ಬಂದು ‘ಲೆಟ್’ ಅನ್ನುವ ಒಂದೇ ಉಚ್ಚಾರಕ್ಕೆ ನಿಂತವು.

ಇಂಗ್ಲಿಷಿನಲ್ಲಿ ಇಂಥ ಜೋಡಿ ಬೇರೆಯೂ ಇದೆ. ‘ಕ್ಲೀವ್’ ಅಂದರೆ ಸೀಳು, ‘ಕ್ಲೀವ್’ ಅಂದರೆ ಅಂಟಿಕೊ. ಆದರೆ ಅವುಗಳ ಬೇರು ಬೇರೆ ಬೇರೆ, ಆಕಸ್ಮಿಕವಾಗಿ ಒಂದೇ ರೂಪಕ್ಕೆ ಬಂದವು. ಲೆಟ್ ಕತೆ ಅದಕ್ಕಿಂತ ಸ್ವಾರಸ್ಯವಾಗಿದೆ. ಇವೆರಡರ ಬೇರು ಕೊನೆಗೆ ಒಂದೇ. ಆ ಮೂಲ ಧಾತುವಿಗೆ ಸಡಿಲವಾಗು, ಸಡಿಲ ಬಿಡು ಅನ್ನುವ ಅರ್ಥ ಇತ್ತು ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ದನ ಕಟ್ಟಿದ ಹಗ್ಗ ಸಡಿಲ ಬಿಟ್ಟರೆ ದನ ಹೋಗುತ್ತದೆ. ಅಲ್ಲಿಂದ ಬಿಡುವ ಅರ್ಥ. ಆಳೇ ಸಡಿಲವಾದರೆ? ನಿಧಾನವಾಗುತ್ತಾನೆ, ಹಿಂದೆ ಬೀಳುತ್ತಾನೆ. ಅಲ್ಲಿಂದ ಹುಟ್ಟಿದ್ದು ‘ಲೇಟ್’. ನಾವು ದಿನಾ ಆಫೀಸಿಗೆ ಆಗುವ ಲೇಟೇ. ಅದರ ಹಳೆಯ ಅರ್ಥ ನಿಧಾನ, ಮಂದ ಅಂತ. ಒಬ್ಬರನ್ನು ಲೇಟ್ ಮಾಡಿಸೋದು, ಅಂದರೆ ನಿಧಾನ ಮಾಡಿಸೋದು, ಅಂದರೆ ತಡೆಯೋದು. ಅದೇ ಲೆಟ್ಟನ್.

ಕನ್ನಡ ಬಲ್ಲವರಿಗೆ ಇದು ತಕ್ಷಣ ಹೊಳೆಯಬೇಕು. ತಡ ಅಂದರೇನು? ಲೇಟ್. ತಡೆ ಅಂದರೇನು? ಅಡ್ಡಿ. ತಡವೂ ತಡೆಯೂ ಒಂದೇ ಬೇರಿನವು, ದ್ರಾವಿಡ ಭಾಷೆಗಳ ನಿಘಂಟಿನಲ್ಲಿ ಒಟ್ಟಿಗೇ ಕೂತಿವೆ. ಇಂಗ್ಲಿಷಿನ ಲೇಟ್-ಲೆಟ್ ನಂಟನ್ನು ಇಂಗ್ಲಿಷಿನವರಿಗೆ ಒಂದು ಪುಟ ಬರೆದು ವಿವರಿಸಬೇಕು. ನಮಗೆ ತಡ-ತಡೆ ಅಂದರೆ ಮುಗಿಯಿತು. ಇನ್ನು ಬಿಡುವ ಲೆಟ್ಟಿಗೆ ನಮ್ಮ ‘ಬಿಡು’ ಹೇಳಿ ಮಾಡಿಸಿದ ಜೋಡಿ. ಒಳಗೆ ಬಿಡು, ಕೈ ಬಿಡು, ಬಿಟ್ಟುಹಾಕು ಇವೆಲ್ಲವನ್ನೂ ಹಳೆಯ ಲ್ಯಾಟನ್ ಕೂಡ ಮಾಡುತ್ತಿತ್ತು. ವೈದ್ಯರು ರೋಗಿಯ ಮೈಯಿಂದ ರಕ್ತ ಹೊರಬಿಡುವುದಕ್ಕೂ ಅದೇ ಪದ.

ಅಕ್ಕಪಕ್ಕದ ಭಾಷೆಗಳನ್ನು ನೋಡಿದರೆ ಇನ್ನೂ ಖಾತ್ರಿಯಾಗುತ್ತದೆ. ಡಚ್ಚರು ಇವತ್ತಿಗೂ ಎರಡನ್ನೂ ಬೇರೆಯಾಗಿ ಇಟ್ಟುಕೊಂಡಿದ್ದಾರೆ. ಬಿಡೋದಕ್ಕೆ ‘ಲಾತೆನ್’, ತಡೆಯೋದಕ್ಕೆ ‘ಬೆಲೆಟೆನ್’. ಜರ್ಮನ್ನರ ‘ಲಾಸೆನ್’ ಬಿಡುವ ಲೆಟ್ಟಿನ ತಮ್ಮ. ಇಂಗ್ಲಿಷಿನ ‘ಲಾಸ್ಟ್’ ಇದೆಯಲ್ಲ, ಕೊನೆಯದು ಅನ್ನೋ ಅರ್ಥದ್ದು, ಅದು ಮೂಲದಲ್ಲಿ ಎಲ್ಲರಿಗಿಂತ ಲೇಟ್ ಅಂತ. ಲ್ಯಾಟಿನ್ನಿನಲ್ಲಿ ಇದೇ ಧಾತು ‘ದಣಿದ’ ಅನ್ನುವ ಅರ್ಥಕ್ಕೆ ಹೋಗಿ, ಫ್ರೆಂಚಿನ ದಾರಿ ಹಿಡಿದು, ಇಂಗ್ಲಿಷಿಗೆ ‘ಅಲಾಸ್’ ಆಗಿ ಬಂತು. ಅಯ್ಯೋ ಅಂತ ಉಸ್ಸೆನ್ನುವ ಆ ‘ಅಲಾಸ್’ಗೂ ಗೇಟಿನ ಟು-ಲೆಟ್ ಬೋರ್ಡಿಗೂ ದೂರದ ನೆಂಟಸ್ತಿಕೆ ಇದೆ. ಬೆಂಗಳೂರಿನ ಅಡ್ವಾನ್ಸ್ ಕೇಳಿದವರು ಇದನ್ನು ಬೇಗ ಒಪ್ಪುತ್ತಾರೆ.

ಎರಡೂ ಒಂದೇ ರೂಪಕ್ಕೆ ಬಂದ ಮೇಲೂ ಎಷ್ಟೋ ಕಾಲ ಜೊತೆಯಲ್ಲೇ ಬದುಕಿದವು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ತಂದೆಯ ಪ್ರೇತ ಕೈಬೀಸಿ ಕರೆಯುತ್ತದೆ. ಹೋಗಬೇಡ ಅಂತ ಗೆಳೆಯರು ಹ್ಯಾಮ್ಲೆಟ್‌ನನ್ನು ಹಿಡಿದುಕೊಳ್ಳುತ್ತಾರೆ. ನನ್ನನ್ನು ‘ಲೆಟ್’ ಮಾಡಿದವನನ್ನೇ ಪ್ರೇತ ಮಾಡಿಬಿಡುತ್ತೇನೆ ಅನ್ನುತ್ತಾನೆ ಅವನು. ಬಿಡುವ ಲೆಟ್ ಅಂತ ಓದಿದರೆ ದೃಶ್ಯವೇ ತಲೆಕೆಳಗು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಎರಡೂ ಸಿಗುತ್ತವೆ. ಶುರುವಿನಲ್ಲೇ ‘ಲೆಟ್ ದೇರ್ ಬಿ ಲೈಟ್’. ಹೊಸ ಒಡಂಬಡಿಕೆಯಲ್ಲಿ ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರಕ್ಕೆ ಬಂದರೆ, ಈಗ ‘ಲೆಟ್’ ಮಾಡುತ್ತಿರುವವನು ಮುಂದೆಯೂ ‘ಲೆಟ್’ ಮಾಡುತ್ತಾನೆ, ಅವನನ್ನು ದಾರಿಯಿಂದ ತೆಗೆಯುವ ತನಕ, ಅಂತ ಒಂದು ಮಾತಿದೆ. ಅಲ್ಲಿ ತಡೆಯುವವನು ಅಂತಲೇ ಅರ್ಥ. ಈಚಿನ ಇಂಗ್ಲಿಷ್ ಅನುವಾದಗಳು ಅಲ್ಲಿ ‘ರಿಸ್ಟ್ರೇನ್’ ಅಂತ ಬದಲಾಯಿಸಿವೆ. ಒಳ್ಳೆಯದೇ ಮಾಡಿವೆ.

ಕೊನೆಗೆ ಗೆದ್ದದ್ದು ಬಿಡುವ ಲೆಟ್. ತಡೆಯುವ ಲೆಟ್ ಮಾತಿನಿಂದ ಮರೆಯಾಯಿತು, ಎರಡು ಜಾಗ ಬಿಟ್ಟು. ಒಂದು ಕಾನೂನು, ಇನ್ನೊಂದು ಆಟದ ಅಂಗಳ.

ಟೆನಿಸ್ ನೋಡುವವರಿಗೆ ಗೊತ್ತು. ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಾಗಿಯೂ ಸರಿಯಾದ ಚೌಕಕ್ಕೇ ಬಿದ್ದರೆ ‘ಲೆಟ್’, ಆ ಸರ್ವ್ ಮತ್ತೆ. ನೆಟ್ ಅನ್ನೋದೇ ಕಿವಿಗೆ ಲೆಟ್ ಅಂತ ಕೇಳಿಸಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಸ್ಕ್ವಾಷ್ ನೋಡಿ, ಅಲ್ಲಿ ಮಧ್ಯೆ ನೆಟ್ಟೇ ಇಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಓಡಾಡುತ್ತಾ ಆಡುತ್ತಾರೆ. ಎದುರಾಳಿ ಅಡ್ಡ ಬಂದಾಗ ಆಟಗಾರ ನಿಂತು ‘ಲೆಟ್ ಪ್ಲೀಸ್’ ಅನ್ನುತ್ತಾನೆ. ಅಡ್ಡಿ ನಿಜ ಅಂತ ರೆಫರಿಗೆ ಅನ್ನಿಸಿದರೆ ‘ಯೆಸ್ ಲೆಟ್’, ಆ ರ‍್ಯಾಲಿ ಮತ್ತೆ. ಅನ್ನಿಸದಿದ್ದರೆ ‘ನೋ ಲೆಟ್’. ಹಳೆಯ ಲೆಟ್ಟನ್ ಪೂರ್ತಿ ಜೀವಂತವಾಗಿರೋದು ಸ್ಕ್ವಾಷ್ ಕೋರ್ಟಿನಲ್ಲೇ.

ಇನ್ನೊಂದು ಕೋರ್ಟಿಗೆ ಬರೋಣ. ಇಂಗ್ಲಿಷ್ ಕಾನೂನು ಭಾಷೆಗೆ ಪದಗಳನ್ನು ಜೋಡಿಯಾಗಿ ಬರೆಯುವ ಚಟ. ‘ವಿಲ್ ಅಂಡ್ ಟೆಸ್ಟಮೆಂಟ್’, ‘ಗೂಡ್ಸ್ ಅಂಡ್ ಚಾಟಲ್ಸ್’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ನ್ಯಾಯಾಲಯಗಳಲ್ಲಿ ಫ್ರೆಂಚೂ ಲ್ಯಾಟಿನ್ನೂ ಸೇರಿಕೊಂಡವು. ಒಂದು ಪದ ಊರಿನದು, ಒಂದು ಹೊರಗಿನದು ಅಂತ ಜೋಡಿಸಿದರೆ ಯಾರಿಗೂ ಅರ್ಥವಾಗಲಿಲ್ಲ ಅನ್ನುವ ಹಾಗಿಲ್ಲ. ‘ಲೆಟ್ ಆರ್ ಹಿಂಡ್ರೆನ್ಸ್’ ಕೂಡ ಇಂಥ ಜೋಡಿಯ ಹಾಗೆ ಕಾಣುತ್ತದೆ. ಆದರೆ ‘ಹಿಂಡರ್’ ಕೂಡ ಅಪ್ಪಟ ಹಳೆಯ ಇಂಗ್ಲಿಷೇ, ಬಾಲ ಮಾತ್ರ ಫ್ರೆಂಚಿನದು. ನಮ್ಮ ಪತ್ರ ಬರಹಗಾರರೂ ಕಡಿಮೆಯೇನಲ್ಲ. ‘ಅಡ್ಡಿ ಆತಂಕವಿಲ್ಲದೆ’, ‘ತಂಟೆ ತಕರಾರಿಲ್ಲದೆ’ ಅಂತ ಬರೆಯುತ್ತಾರೆ. ಅಡ್ಡಿ ಕನ್ನಡದ್ದು, ಆತಂಕ ಸಂಸ್ಕೃತದ್ದು, ತಕರಾರು ಅರಬಿಯಿಂದ ಪಾರಸಿಯ ಮೂಲಕ ಬಂದದ್ದು. ಆತಂಕವೂ ಲೆಟ್ ಹಾದಿಯನ್ನೇ ಹಿಡಿಯುತ್ತಿದೆ. ಕ್ರಯಪತ್ರದಲ್ಲಿ ಅದರ ಅರ್ಥ ಅಡಚಣೆ. ಟಿವಿ ಸುದ್ದಿಯಲ್ಲಿ ‘ಜನರಲ್ಲಿ ಆತಂಕ’ ಅಂದರೆ ಭಯ, ಕಳವಳ. ಈಗಿನ ಹುಡುಗರು ಕ್ರಯಪತ್ರದ ‘ನಿರಾತಂಕವಾಗಿ’ಯನ್ನು ಟೆನ್ಷನ್ ಇಲ್ಲದೆ ಅಂತಲೇ ಓದುತ್ತಾರೆ.

ಬಾಡಿಗೆ ಕರಾರಿನಲ್ಲಿ ತಮಾಷೆ ಇನ್ನೂ ಜಾಸ್ತಿ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು ಅಂತ ಹನ್ನೊಂದೇ ತಿಂಗಳಿಗೆ ಬರೆಸುವ ಪತ್ರ, ನಿಮಗೆ ಗೊತ್ತಲ್ಲ. ಮೊದಲ ಪುಟದಲ್ಲಿ ಮಾಲೀಕರು ಮನೆಯನ್ನು ‘ಲೆಟ್’ ಮಾಡುತ್ತಾರೆ. ನಡುವೆ ಬಾಡಿಗೆದಾರರು ‘ಸಬ್-ಲೆಟ್’ ಮಾಡಬಾರದು, ಅಂದರೆ ಒಳಬಾಡಿಗೆಗೆ ಕೊಡಬಾರದು ಅಂತ ಬರುತ್ತದೆ. ಕೊನೆಯ ಕಡೆ, ಬಾಡಿಗೆ ಸರಿಯಾಗಿ ಕಟ್ಟುತ್ತಿರುವ ತನಕ ಮಾಲೀಕರ ‘ಲೆಟ್’ ಇಲ್ಲದೆ ವಾಸ ಮಾಡಬಹುದು ಅಂತ. ಒಂದೇ ಪತ್ರ, ಒಂದೇ ಕಾಗುಣಿತ, ಮೊದಲೆರಡು ಒಂದು ಪದ, ಕೊನೆಯದು ಇನ್ನೊಂದು.

ಗುರುತಿಸೋಕೆ ಒಂದು ಸುಲಭ ಉಪಾಯ ಇದೆ. ಈ ಪತ್ರಗಳಲ್ಲಿ ಲೆಟ್ ಕ್ರಿಯಾಪದವಾಗಿದ್ದರೆ ಬಾಡಿಗೆ. ‘ವಿದೌಟ್’ ಅಥವಾ ‘ಎನಿ’ ಹಿಂದೆ ಬಂದು, ಪಕ್ಕದಲ್ಲಿ ಹಿಂಡ್ರೆನ್ಸ್ ಕೂತಿದ್ದರೆ ಅಡ್ಡಿ. ಇನ್‌ಕಮ್ ಟ್ಯಾಕ್ಸ್ ರಿಟರ್ನಿನ ‘ಲೆಟ್ ಔಟ್’ ಯಾವಾಗಲೂ ಬಾಡಿಗೆಯದೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬಿಡುವ ಲೆಟ್ಟೂ ಪೂರ್ತಿ ಸಾಧು ಅಲ್ಲ. ‘ಲೆಟ್ ಹಿಮ್ ಕಮ್’ ಅನ್ನೋದನ್ನು ಕನ್ನಡಕ್ಕೆ ತರುವಾಗ ‘ಅವನು ಬರಲಿ’ ಅನ್ನಬೇಕೋ, ‘ಅವನನ್ನು ಬರಲು ಬಿಡಿ’ ಅನ್ನಬೇಕೋ? ಮೊದಲನೆಯದರಲ್ಲಿ ಅವನನ್ನು ಯಾರೂ ತಡೆದಿಲ್ಲ. ಎರಡನೆಯದರಲ್ಲಿ ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಇಂಗ್ಲಿಷಿಗೆ ಎರಡಕ್ಕೂ ಒಂದೇ ಲೆಟ್ ಸಾಕು. ನಮ್ಮಲ್ಲಿ ‘ಅಲಿ’ ಪ್ರತ್ಯಯವೇ ಆ ಕೆಲಸ ಮಾಡುತ್ತದೆ. ಗಣಿತದ ಮೇಷ್ಟ್ರು ‘ಎಕ್ಸ್ ಬೆಲೆ 5 ಆಗಿರಲಿ’ ಅನ್ನುತ್ತಾರೆಯೇ ಹೊರತು ಆಗಲು ಬಿಡಿ ಅನ್ನಲ್ಲ.

ಈ ಹಳೆಯ ಲೆಟ್ಟನ್ನು ಪತ್ರಗಳಲ್ಲಿ ಉಳಿಸಿಕೊಳ್ಳಬೇಕಾ? ಬೇಡ ಅನ್ನೋದು ನನ್ನ ಅಭಿಪ್ರಾಯ. ಪಾಸ್‌ಪೋರ್ಟಿನಲ್ಲಿ ಇದ್ದರೆ ಇರಲಿ, ಅದು ಠೀವಿಯ ಮಾತು, ಇಮಿಗ್ರೇಷನ್ ಕೌಂಟರಿನಲ್ಲಿ ಅದನ್ನು ಯಾರೂ ಓದಿ ಅರ್ಥ ಕೇಳಲ್ಲ. ಕ್ರಯಪತ್ರ ಹಾಗಲ್ಲ, ಅದನ್ನಿಟ್ಟುಕೊಂಡು ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮೇ ಬಾಡಿಗೆದಾರರಿಗೆ ಈ ಭರವಸೆ ಕೊಡುವಾಗ ಲೆಟ್ ಅನ್ನೋದಿಲ್ಲ, ‘ವಿದೌಟ್ ಇಂಟರಪ್ಷನ್’ ಅಂತ ಸರಳವಾಗಿ ಹೇಳಿ ಮುಗಿಸುತ್ತದೆ. ಆ ಕಾಲದ ಬ್ರಿಟಿಷರೇ ಬಿಟ್ಟ ಪದವನ್ನು ನಾವು ಕಾಪಿ-ಪೇಸ್ಟ್ ಮಾಡುತ್ತಾ ಕೂತಿದ್ದೇವೆ.

ಹೊಸದಾಗಿ ಇಂಗ್ಲಿಷಿನಲ್ಲೇ ಪತ್ರ ಬರೆಸುವವರಿಗೆ ನಾನು ಲೆಟ್ ತೆಗೆಸಿ ‘ಇಂಟರಪ್ಷನ್’ ಒಂದನ್ನೇ ಇಡಿಸಿ ಅನ್ನುತ್ತೇನೆ. ಬ್ಯಾಂಕಿನ ವಕೀಲರು ಕೆಲವೊಮ್ಮೆ ಒಪ್ಪಲ್ಲ, ಹಳೆಯ ನಮೂನೆಯೇ ಬೇಕು ಅನ್ನುತ್ತಾರೆ. ಆಗ ಇಂಗ್ಲಿಷ್ ಪ್ರತಿ ಅವರಿಷ್ಟದ ಹಾಗೇ ಇರುತ್ತದೆ. ಕನ್ನಡ ಪ್ರತಿಯಲ್ಲಿ ಲೆಟ್, ಹಿಂಡ್ರೆನ್ಸ್, ಇಂಟರಪ್ಷನ್, ಡಿಸ್ಟರ್ಬೆನ್ಸ್ ನಾಲ್ಕಕ್ಕೂ ಸೇರಿಸಿ ‘ನನ್ನಿಂದಾಗಲಿ ನನ್ನ ವಾರಸುದಾರರಿಂದಾಗಲಿ ಯಾವ ತಂಟೆ ತಕರಾರೂ ಇಲ್ಲದೆ’ ಅಂತ ಬರೆಯುತ್ತೇನೆ. ಅದನ್ನು ಓದಿ ಬಾಡಿಗೆಗೆ ಕೊಡಂಗಿಲ್ವಾ ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ.